ಆಂಪ್ಲಿಫಯರಿನ ಗುಂಯ್ ಮತ್ತು ಪವರ್ ಕಂಡೀಷನರ್: ನನ್ನ ಅನುಭವ

ಮಂಗಳೂರು, ಉಡುಪಿ ಕಡೆ ಆಡಿಯೋ ಸೆಟ್ಟಿಗೆ ಪವರ್ ಕಂಡೀಷನರ್ (ಕರೆಂಟ್ ಲೈನಿನ ಗದ್ದಲ ಮತ್ತು ಸರ್ಜ್ ತಗ್ಗಿಸುವ ಪೆಟ್ಟಿಗೆ) ಬೇಕೇ ಎಂದು ಕೇಳಿದವರ ಮನೆಯಲ್ಲಿ ನಾನು ಮೊದಲು ಆಂಪ್ಲಿಫಯರಿನ ಇನ್‌ಪುಟ್ ಕೇಬಲ್‌ಗಳನ್ನೆಲ್ಲ ಕಳಚುತ್ತೇನೆ. ಆಗ ಸ್ಪೀಕರಿನ ಗುಂಯ್ ನಿಂತಿತೋ, ಅದು ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ಅರ್ತ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು. ಬಹುಪಾಲು ಡಿಶ್ ಇಲ್ಲವೇ ಕೇಬಲ್ ಟಿವಿ ವೈರಿನ ಕೆಲಸ. ಸೆಟ್‌ಟಾಪ್ ಬಾಕ್ಸಿನಿಂದ ಆಪ್ಟಿಕಲ್ ಕೇಬಲ್ (ಕರೆಂಟಿನ ಬದಲು ಬೆಳಕಿನಲ್ಲಿ ಸದ್ದು ಸಾಗಿಸುವ ವೈರ್) ಎಳೆದರೆ ಲೂಪ್ ಕಡಿಯುತ್ತದೆ, ಕಂಡೀಷನರಿಗೆ ದುಡ್ಡು ಸುರಿಯಬೇಕಿಲ್ಲ. ಪ್ಲಗ್ಗಿನ ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ, ಜೀವಕ್ಕೇ ಅಪಾಯ.

ಸ್ಪೀಕರ್ ಸುಮ್ಮನಿದ್ದು ಆಂಪ್ಲಿಫಯರಿನ ಡಬ್ಬವೇ ಗುಂಯ್‌ಗುಟ್ಟಿದರೆ ಬೇರೆ ಕಥೆ. ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರಿನ ಕೋರಿನಲ್ಲಿ ಏರ್ ಗ್ಯಾಪ್ ಇಲ್ಲ, ಲೈನಿನಲ್ಲಿ ಚೂರು ಡಿಸಿ ಸೇರಿದರೂ ಕೋರ್ ಒಂದು ಬದಿಗೆ ಸ್ಯಾಚುರೇಟ್ ಆಗಿ, ಅಂದರೆ ಅದರ ಕಾಂತಶಕ್ತಿ ಮಿತಿ ಮುಟ್ಟಿ, ಗುಂಯ್‌ಗುಟ್ಟುತ್ತದೆ. ಅರ್ಧ ವೇಗದಲ್ಲಿ ಓಡುವ ಹೇರ್ ಡ್ರೈಯರ್ ಒಂದೇ ಸಾಕು, ಒಳಗಿನ ಡಯೋಡ್ ಅರ್ಧ ಅಲೆಯನ್ನಷ್ಟೇ ಬಿಡುತ್ತದೆ. ಮದ್ದು ಡಿಸಿಯನ್ನು ತಡೆಯುವ ಡಿಸಿ ಬ್ಲಾಕರ್: 35 ಆಂಪಿಯರ್ ಬ್ರಿಡ್ಜ್ ರೆಕ್ಟಿಫಯರಿನ ಪ್ಲಸ್-ಮೈನಸ್ ಜೋಡಿಸಿ, ಎಸಿ ಕಾಲುಗಳನ್ನು ಫೇಸಿಗೆ ಸೀರೀಸಿನಲ್ಲಿ ಕೊಡುವುದು, ಆ ಕಾಲುಗಳ ನಡುವೆ 10,000 ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರ್, ಮೈನಸಿಗೆ ಮೈನಸ್ ಸೇರಿಸಿ. ಎಲ್ಲವೂ ಅರ್ತ್ ಮಾಡಿದ ಲೋಹದ ಪೆಟ್ಟಿಗೆಯೊಳಗೆ. ಮೈನ್ಸ್ ಕೆಲಸ ಗೊತ್ತಿಲ್ಲದವರು ಇದಕ್ಕೆ ಕೈ ಹಾಕಬಾರದು.

ಕಂಡೀಷನರಿನ ನಿಜವಾದ ಕೆಲಸ ಎರಡೇ: ಪಂಪು, ಎಲ್‌ಇಡಿ ಡ್ರೈವರ್, ಫ್ಯಾನ್ ರೆಗ್ಯುಲೇಟರ್ ಲೈನಿಗೆ ಬಿಡುವ ಚಟಪಟವನ್ನು ಚೋಕ್ (ತಂತಿ ಸುರುಳಿ) ಮತ್ತು ಎಕ್ಸ್2 ಕೆಪಾಸಿಟರಿನಿಂದ (ಮೈನ್ಸ್ ಲೈನಿಗೆಂದೇ ಮಾಡಿದ್ದು) ತಗ್ಗಿಸುವುದು, ಮಿಂಚಿನ ಸರ್ಜನ್ನು, ಅಂದರೆ ದಿಢೀರನೆ ಏರುವ ವೋಲ್ಟೇಜನ್ನು, ಎಂಒವಿಯಲ್ಲಿ (ವೋಲ್ಟೇಜ್ ಮಿತಿ ಮೀರಿದಾಗ ಕರೆಂಟು ಹರಿಸಿ ಸೆಟ್ಟನ್ನು ಕಾಪಾಡುವ ಬಿಡಿಭಾಗ) ತಡೆಯುವುದು. ವೋಲ್ಟೇಜ್ 180ಕ್ಕೆ ಇಳಿದರೆ ಕಂಡೀಷನರ್ ಏನೂ ಮಾಡದು, ಅದನ್ನು ಸರಿಪಡಿಸುವುದು ಸ್ಟೆಬಿಲೈಸರಿನ ಕೆಲಸ. ಒಳ್ಳೆಯ ಪವರ್ ಸಪ್ಲೈ ಇರುವ ಆಂಪ್ಲಿಫಯರಿಗೆ ಕಂಡೀಷನರ್ ಹಾಕಿದರೆ ಬೇಸ್ ಬಿಗಿಯಾಗುತ್ತದೆ ಎನ್ನುವುದನ್ನು ನಾನಂತೂ ನಂಬುವುದಿಲ್ಲ.

ನಮ್ಮಲ್ಲಿ ಎಂಒವಿ ಆರಿಸುವಾಗ ಎಚ್ಚರ ಬೇಕು. ಮಳೆಗಾಳಿಗೆ ನ್ಯೂಟ್ರಲ್ ಕಡಿದರೆ ಸಿಂಗಲ್ ಫೇಸ್ ಮನೆಗೂ 300 ದಾಟಿ ವೋಲ್ಟೇಜ್ ಬರಬಹುದು. 275 ವೋಲ್ಟಿನ ಎಂಒವಿ ಆಗ ಎಡೆಬಿಡದೆ ಕರೆಂಟು ಎಳೆದು ಸುಟ್ಟು ಕರಕಲಾಗುತ್ತದೆ. ಅದಕ್ಕೇ ನಾನು 20 ಮಿಲಿಮೀಟರಿನ 320 ವೋಲ್ಟಿನದನ್ನು ಹಾಕಿ, ಅದಕ್ಕೆ ಅಂಟಿಸಿದಂತೆ ಥರ್ಮಲ್ ಫ್ಯೂಸ್ (ಬಿಸಿಯೇರಿದರೆ ಕಡಿಯುವ ಫ್ಯೂಸ್) ಇಡುತ್ತೇನೆ. ಪ್ರತಿ ಸರ್ಜಿಗೂ ಎಂಒವಿ ಸ್ವಲ್ಪ ಸವೆಯುತ್ತದೆ. ಎಪ್ರಿಲ್-ಮೇ ಸಿಡಿಲು ಶುರುವಾದರೆ ಪ್ಲಗ್, ಡಿಶ್ ವೈರ್, ಲ್ಯಾನ್ ಮೂರನ್ನೂ ಕಿತ್ತಿಡುವುದೇ ಭದ್ರ.

ಅರ್ತಿಂಗ್ ಸರಿಯಿಲ್ಲದಿದ್ದರೆ ಅರ್ತಿಗೆ ಜೋಡಿಸಿದ ಎಂಒವಿ ಇದ್ದೂ ಇಲ್ಲದಂತೆ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ರೆಸಿಸ್ಟೆನ್ಸ್ ಏರಿಸುತ್ತದೆ. ತಾಮ್ರ ಲೇಪಿತ ರಾಡಿನ ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿ, ಮಳೆ ಬರುವವರೆಗೆ ಗುಂಡಿಗೆ ನೀರು ಬಿಡಿ. ಪಂಪು ಓಡುತ್ತಿರುವಾಗ ನ್ಯೂಟ್ರಲ್-ಅರ್ತ್ ನಡುವೆ ಮೀಟರ್ ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಶಿಯನ್ನರನ್ನು ಕರೆಯಿರಿ. ಕಡಲು ಹತ್ತಿರವಿದ್ದರೆ ಮಳೆಗಾಲ ಮುಗಿದ ಮೇಲೆ, ಮೈನ್ ಆಫ್ ಮಾಡಿ, ಸಾಕೆಟ್ಟಿನ ಹಿತ್ತಾಳೆ ಸ್ಕ್ರೂಗಳನ್ನು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಆ ಸಾಕೆಟ್ ಬದಲಿಸಿ.