‘ಫಾಲ್’ ಪದವನ್ನು ನಾನು ಪಾಠ ಮಾಡುವ ರೀತಿ

ಸೋಮವಾರಪೇಟೆ ಕಡೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಫಾಲ್’ ಅಂದರೆ ಬೀಳು ಅಂತ ಮಕ್ಕಳಿಗೆಲ್ಲ ಗೊತ್ತು. ಅವರು ತಡವರಿಸುವುದು ‘ಫೆಲ್’ ಬಂದಾಗ. ‘ಮರ ಬಿತ್ತು’ ಅನ್ನಲು ‘ದ ಟ್ರೀ ಫೆಲ್’. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದಕ್ಕೂ ‘ಫೆಲ್’ ಅಂತಲೇ ಇದೆ. ತೋಟದ ಮನೆಗಳ ಮಕ್ಕಳು ಈ ಮಾತನ್ನು ಕೇಳಿರುತ್ತಾರೆ. ಹಾಗಾಗಿ ನಾನು ಶುರು ಮಾಡುವುದೇ ಅಲ್ಲಿಂದ.

ಬೋರ್ಡಿನ ಮೇಲೆ ಬೀಳು–ಬೀಳಿಸು, ಇಳಿ–ಇಳಿಸು, ಏರು–ಏರಿಸು ಅಂತ ಬರೆಯುತ್ತೇನೆ. ನಮ್ಮಲ್ಲಿ ‘ಇಸು’ ಸೇರಿದರೆ ಸಾಕು, ಕೆಲಸ ಮಾಡಿಸಿದ ಅರ್ಥ ಬರುತ್ತದೆ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಇಂಥದ್ದೇ ಒಂದು ಬಾಲವಿತ್ತು. ಕಾಲ ಕಳೆದಂತೆ ಬಾಲ ಉದುರಿತು, ಅದು ಬದಲಿಸಿದ ಸ್ವರ ಮಾತ್ರ ಉಳಿಯಿತು. ಹಳೆ ಇಂಗ್ಲಿಷಿನ ‘ಫೆಅಲ್ಲನ್’ ಇಂದಿನ ಫಾಲ್, ಅದರ ‘ಬೀಳಿಸು’ ರೂಪ ಇಂದಿನ ಫೆಲ್. ಜರ್ಮನ್ನಿನಲ್ಲಿ ಇವತ್ತಿಗೂ ಫಾಲೆನ್, ಫೆಲೆನ್ ಅಂತ ಜೋಡಿ ಇದೆ. ಸಿಟ್–ಸೆಟ್, ರೈಸ್–ರೇಜ್ ಕೂಡ ಇದೇ ಮನೆಯವು. ಇಷ್ಟಾದ ಮೇಲೆ ಗಾಳಿಗೆ ಮರ ‘ಫೆಲ್’, ಗರಗಸದವರು ಮರವನ್ನು ‘ಫೆಲ್ಡ್’ ಅನ್ನುವುದು ಮಕ್ಕಳಿಗೆ ಸಲೀಸು. ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡುತ್ತೇನೆ.

ಉಳಿದ ಅರ್ಥಗಳಿಗೆ ಕೊಡಗೇ ಸಾಕು. ಮಳೆಗಾಲದಲ್ಲಿ ‘ನಿನ್ನೆ ಎಷ್ಟು ಇಂಚು ಬಿತ್ತು?’ ಅಂತ ಕೇಳದವರಿಲ್ಲ, ಅಲ್ವಾ? ಅದು ರೇನ್‌ಫಾಲ್. ಕಾಫಿ ರೇಟು ಬಿದ್ದರೂ ಫಾಲ್. ಅಬ್ಬಿ ಅಂದರೇ ಜಲಪಾತ, ಅದಕ್ಕೆ ಮತ್ತೆ ಫಾಲ್ಸ್ ಸೇರಿಸಿ ಅಬ್ಬಿ ಫಾಲ್ಸ್ ಅನ್ನುತ್ತೇವೆ. ನಾವು ಎಲೆ ಉದುರಿತು, ಮಳೆ ಸುರಿಯಿತು, ನೀರು ಧುಮುಕಿತು ಅಂತ ಬೇರೆ ಬೇರೆ ಹೇಳುವ ಕಡೆಯೆಲ್ಲ ಇಂಗ್ಲಿಷಿನವರಿಗೆ ಒಂದೇ ಫಾಲ್ ನಡೆಯುತ್ತದೆ. ಹಾಗಂತ ಸುಮ್ನೆ ಎಲ್ಲ ಕಡೆ ಹಾಕುವಂತಿಲ್ಲ. ನಮಗೆ ಕನಸು ಬೀಳುತ್ತದೆ, ಅವರಿಗೆ ಬೀಳುವುದಿಲ್ಲ.

ಅಮೆರಿಕದವರು ಎಲೆ ಉದುರುವ ಕಾಲಕ್ಕೇ ಫಾಲ್ ಅನ್ನುತ್ತಾರೆ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ‘ಫಾಲ್ ಆಫ್ ದ ಲೀಫ್’ ಅನ್ನುತ್ತಿದ್ದರು, ಅದರ ತುಂಡು ಇದು. ಇಂಗ್ಲೆಂಡಿನವರು ಆಮೇಲೆ ಫ್ರೆಂಚಿನಿಂದ ಬಂದ ‘ಆಟಮ್’ಗೆ ಹೊರಳಿದರು.

ಬೀಳು ಬಿಟ್ಟ ಗದ್ದೆಗಳು ನಮ್ಮ ಸುತ್ತ ಜಾಸ್ತಿ. ಅದಕ್ಕೆ ಇಂಗ್ಲಿಷಿನಲ್ಲಿ ‘ಫ್ಯಾಲೋ’. ಇದೂ ಫಾಲ್‌ನಿಂದಲೇ ಬಂತಾ ಅಂತ ಒಬ್ಬ ಹುಡುಗಿ ಕೇಳಿದಳು. ಎಂಥ ಚೆಂದದ ಪ್ರಶ್ನೆ! ಇಲ್ಲ, ಅದರ ಮೂಲ ಬೇರೆ. ಉತ್ತ ನೆಲಕ್ಕೆ ಹಳೆ ಇಂಗ್ಲಿಷಿನಲ್ಲಿದ್ದ ಪದ ಅದು.