ಮಗುಚಿ ಈಜುವ ಮೀನಿಗೆ ಗೆರಟೆಯ ಮನೆ

ಮೀನು ಹೊಟ್ಟೆ ಮೇಲೆ ಮಾಡಿಕೊಂಡಿದೆ, ಸತ್ತೇ ಹೋಯಿತು ಅಂತ ಹೊಸಬರು ಗಾಬರಿಯಾಗುತ್ತಾರೆ. ಸತ್ತಿಲ್ಲ. ಕಿವಿರು ಆಡುತ್ತಿದೆಯಾ ನೋಡಿ. ಸಿನೊಡಾಂಟಿಸ್ ನೈಗ್ರಿವೆಂಟ್ರಿಸ್ ಎಂಬ ಈ ಪುಟ್ಟ ಮೀಸೆ ಮೀನು ಕಾಂಗೋ ನದಿಯ ಕಡೆಯದು. ನೀರಿನ ಮೇಲೆ ಬಿದ್ದ ಹುಳ ಹೆಕ್ಕಲು ಮಗುಚಿಕೊಂಡೇ ಈಜುತ್ತದೆ. ಅದಕ್ಕೇ ಇದರ ಬೆನ್ನಿಗಿಂತ ಹೊಟ್ಟೆ ಕಪ್ಪು. ಬೆಳೆದರೆ ಸುಮಾರು 10 ಸೆಂ.ಮೀ., ಸಾಧು ಸ್ವಭಾವ. ಸರ್ಕಾರ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಬೇರೆ. ಅದು ನಮ್ಮ ತೋಡಿನ ಮುಗುಡಿನ ದೊಡ್ಡ ದಾಯಾದಿ, ಹೊಳೆ ಸೇರಿದರೆ ಊರ ಮೀನುಗಳಿಗೆ ಉಳಿಗಾಲವಿಲ್ಲ. ಕೇಳಿ ತಿಳಿದೇ ತನ್ನಿ.

ಒಂದೇ ತಂದರೆ ಮೂಲೆ ಬಿಟ್ಟು ಬರುವುದಿಲ್ಲ. 100 ಲೀಟರಿನ ತೊಟ್ಟಿಯಲ್ಲಿ ನಾಲ್ಕಾದರೂ ಇರಲಿ. ಇದಕ್ಕೆ ನೆಲಕ್ಕಿಂತ ಸೂರು ಮುಖ್ಯ. ನಾನು ಗೆರಟೆ ಕವುಚಿ ಹಾಕುತ್ತೇನೆ. ಕಾಯಿಯ ಚೂರೂ ಉಳಿಯದಂತೆ ಹೆರೆದು, ಕುದಿಸಿ, ಕಂದು ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸುತ್ತಾ ನೆನೆಸಿ. ಅಂಚಿನಲ್ಲಿ ಮೀನು ನುಸುಳುವಷ್ಟು ಬಾಗಿಲು ಕೊರೆಯಿರಿ. ಹಗಲೆಲ್ಲ ಒಳಗಿನ ಚಾವಣಿಗೆ ಹೊಟ್ಟೆ ತಾಗಿಸಿ ಮಲಗಿರುತ್ತದೆ, ಮೀಸೆ ಮಾತ್ರ ಮೆಲ್ಲನೆ ಅಲ್ಲಾಡುತ್ತದೆ. ಮಲ್ಪೆಯ ಕಡಲ ಮರಳು ಬೇಡ. ಅದರಲ್ಲಿ ಉಪ್ಪು, ಚಿಪ್ಪು.

ನಮ್ಮ ಮುರಕಲ್ಲಿನ ಬಾವಿಯ ಮೆದು ನೀರು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ. ಬೇಕಾದ ಶಾಖ 22ರಿಂದ 27 ಡಿಗ್ರಿ. ಏಪ್ರಿಲ್, ಮೇ ಸೆಕೆಗೆ ಮುಚ್ಚಳ ತೆಗೆದು ಬಲೆ ಹೊದಿಸಿ ಫ್ಯಾನ್ ಗಾಳಿ ಬಿಡಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಇದ್ದದ್ದೇ ಅಲ್ವಾ, ಬ್ಯಾಟರಿಯ ಏರ್ ಪಂಪ್ ಮನೆಯಲ್ಲಿರಲಿ.

ಊಟ ಲೈಟ್ ಆರಿಸಿದ ಮೇಲೆ. ಮುಳುಗುವ ಪೆಲೆಟ್ ಸ್ವಲ್ಪ, ಆಗಾಗ ಉಪ್ಪು ಸೋಕದ ಸಿಗಡಿಯ ಚೂರು. ಜಾಸ್ತಿ ಬೇಡ, ಉಳಿದದ್ದು ಕೊಳೆಯುತ್ತದೆ. ಮೈಗೆ ಹುರುಪೆ ಇಲ್ಲದ ಮೀನಾದ್ದರಿಂದ ಉಪ್ಪು, ತಾಮ್ರದ ಔಷಧಿ ತಡೆದುಕೊಳ್ಳುವುದು ಕಷ್ಟ. ಸುಮ್ನೆ ಹಾಕಬೇಡಿ.

ಬಲೆಯಲ್ಲಂತೂ ಹಿಡಿಯಲೇಬೇಡಿ. ಬೆನ್ನಲ್ಲಿ ಒಂದು, ಎರಡು ಪಕ್ಕದಲ್ಲಿ ಒಂದೊಂದು ಮುಳ್ಳಿದೆ. ಹೆದರಿದರೆ ಸೆಟೆದು ನಿಲ್ಲುತ್ತದೆ. ಒಮ್ಮೆ ನನ್ನ ಬಲೆಯ ಎಳೆಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಾಯಿತು. ಹಿಡಿದರೆ ಕೀಂ ಕೀಂ ಸದ್ದು. ಕೊನೆಗೆ ಬಲೆಯನ್ನು ನೀರಲ್ಲೇ ಹಿಡಿದು ಒಂದೊಂದೇ ಎಳೆ ಕತ್ತರಿಸಬೇಕಾಯಿತು, ಅಷ್ಟರಲ್ಲಿ ಅದರ ರೆಕ್ಕೆ ಹರಿದಿತ್ತು. ಈಗ ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ, ಮೀನು ಒಳಗಿರುವಾಗಲೇ ಗೆರಟೆ ಸಮೇತ ಎತ್ತುತ್ತೇನೆ.