ಗದಗ ಬರೀಲಿಕ್ಕೆ ಮೂರೇ ಕೀ: ಕಂಪ್ಯೂಟರ್‌ನ್ಯಾಗ ಲಗೂನ ಬರಿಯೂದು ಹೆಂಗ?

ಧಾರವಾಡದಾಗ ಕೋರ್ಟಿನ ಹತ್ರ ನಂದೊಂದು ಸಣ್ಣ ಝೆರಾಕ್ಸ್ ಮತ್ತ ಟೈಪಿಂಗ್ ಅಂಗಡಿ ಐತ್ರಿ. ಬರೂ ಮಂದೀದು ಎಲ್ಲಾರ್ದೂ ಒಂದ ಮಾತು, "ತಮ್ಮಾ, ಲಗೂ ಆಗ್ತೈತೇನು? ನವಲಗುಂದ ಬಸ್ ಹೊಂಟ ಬಿಡ್ತೈತಿ." ನಾ "ಕೂಡ್ರಿ ಕಾಕಾ, ನೀವು ಚಾ ಕುಡಿಯೂದ್ರಾಗ ಆಗ್ತೈತಿ" ಅಂತೇನಿ, ಆಗೇ ಬಿಡ್ತೈತಿ. ನೋಡಿದವ್ರು ಇಂವಾ ಭಾಳ ಫಾಸ್ಟ್ ಹೊಡೀತಾನ ಅನಕೋತಾರ. ಖರೇ ಹೇಳ್ಬೇಕಂದ್ರ ನನ್ನ ಸ್ಪೀಡ್ ಏನ್ ದೊಡ್ಡದಲ್ರಿ, ಟೈಪಿಂಗ್ ಕ್ಲಾಸಿನ್ಯಾಗ ನನ್ನ ಬಾಜೂ ಕೂಡ್ತಿದ್ದ ಹುಡುಗ್ಯಾರು ನನಗಿಂತ ಎರಡ ಪಟ್ಟು ಲಗೂ ಹೊಡೀತಿದ್ರು. ನಾ ಟೈಪ್ ಮಾಡೂದೇ ಕಡಿಮಿ. ಒಮ್ಮೆ ಹೊಡದದ್ದನ್ನ ಮತ್ತೊಮ್ಮೆ ಹೊಡ್ಯಾಂಗಿಲ್ಲ, ಕೈ ಮೌಸ್ ಕಡೆ ಹೋಗೂದೂ ಅಪರೂಪ. ಅದನ್ನ ಹೆಂಗ ಮಾಡ್ಕೊಳ್ಳೂದು ಅಂತ ಒಂದೊಂದ ಹೇಳ್ತೇನಿ, ಕಂಪ್ಯೂಟರ್ ಮುಂದ ಕೂತು ಓದಿದ್ರ ಚೊಲೋ.

ಮೊದಲ ಕೆಲಸ, ಯುನಿಕೋಡ್‌ನ್ಯಾಗ ಬರೀತೀರೋ ಇಲ್ಲೋ ನೋಡ್ಕೋರಿ. ಯುನಿಕೋಡ್ ಅಂದ್ರ ಯಾವ ಫೋನು, ಕಂಪ್ಯೂಟರಿನ್ಯಾಗ ತೆಗದ್ರೂ ಕನ್ನಡ ಕನ್ನಡ ಆಗೇ ಕಾಣೂ ಅಕ್ಷರ ಪದ್ಧತಿ. 'ನುಡಿ' ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನ್ಯಾಗ ಹೊಡದದ್ದು ನಿಮ್ಮ ಸ್ಕ್ರೀನ್ ಮ್ಯಾಲೆ ಚಂದ ಕಾಣ್ತೈತಿ, ಅದನ್ನ ಕಾಪಿ ಮಾಡಿ ವಾಟ್ಸಪ್‌ಗೆ ಹಾಕಿದ್ರ ತಲಿಮ್ಯಾಲೆ ಗೆರಿ ಇರೂ ಇಂಗ್ಲಿಷ್ ಅಕ್ಷರದ ಕಿಚಡಿ ಆಗ್ತೈತಿ, ಹುಡುಕಿದ್ರ ಸಿಗಂಗಿಲ್ಲ, ಮೇಲ್ ಕಳ್ಸಿದ್ರ ಆ ಕಡೆಯವ್ರು ಫೋನ್ ಮಾಡಿ ಬೈತಾರ, ಮತ್ತ ಕೂತು ಹೊಡೀಬೇಕು. ಹೊಸ ನುಡಿಯೊಳಗ ಯುನಿಕೋಡ್ ಆಯ್ಕೆ ಐತಿ, ಹಳೇ ಫೈಲಿಗೆ ಕನ್ವರ್ಟರ್ ಸುದ್ದಾ ಐತಿ. ಪೇಪರ್, ಲಗ್ನಪತ್ರಿಕಿ ಡಿಟಿಪಿ ಮಾಡೂವ್ರು ಇನ್ನೂ ಹಳೇದ್ರಾಗ ಅದಾರ, ಅವ್ರ ಸಾಫ್ಟ್‌ವೇರ್ ಹಂಗ ಐತಿ, ಅವ್ರನ್ನ ಬಿಡ್ರಿ.

ಎರಡನೇದು ಕೀಬೋರ್ಡು. ಇಲ್ಲಿ ಸ್ವಲ್ಪ ನಿಂತು ನೋಡೂಣು. ಹೊಸಬ್ರು ಬಹಳಷ್ಟು ಮಂದಿ ಇಂಗ್ಲಿಷ್ ಸ್ಪೆಲ್ಲಿಂಗ್ ಬರದು ಕನ್ನಡ ತೆಗೀತಾರ. ನಡೀತೈತಿ, ತಪ್ಪೇನಿಲ್ಲ, 2019ರ ಅಪ್‌ಡೇಟ್‌ನಿಂದ ವಿಂಡೋಸ್‌ನ್ಯಾಗೂ ಕನ್ನಡ ಫೊನೆಟಿಕ್ ಕೀಬೋರ್ಡ್ ಬಂದೈತಿ. ಆದ್ರ ನಾ ಹೇಳೂದು ಕಂಪ್ಯೂಟರಿಗೆ ಕನ್ನಡ ತಂದವ್ರೊಳಗ ಒಬ್ರಾದ ಕೆ.ಪಿ. ರಾವ್ ಅವ್ರು ಮಾಡಿದ ಲೇಔಟು (ಯಾವ ಕೀಗೆ ಯಾವ ಅಕ್ಷರ ಅನ್ನೂ ಜೋಡಣಿ), ಅಂದ್ರ ನುಡಿ ಕೀಬೋರ್ಡು ಕಲೀರಿ ಅಂತ. ಅದ್ರಾಗ ಕೆ ಒತ್ತಿದ್ರ ಪೂರಾ 'ಕ' ಬರ್ತೈತಿ, ಮುಂದ 'ಎ' ಒತ್ತಾಕ ಹೋಗೂದ ಬ್ಯಾಡ. ಗದಗ ಅಂತ ಬರೀಬೇಕು, ಜಿ ಡಿ ಜಿ, ಮುಗೀತು, ಮೂರ ಕೀ! ಇಂಗ್ಲಿಷ್ ಸ್ಪೆಲ್ಲಿಂಗಿನ್ಯಾಗ ಆರು ಬೇಕು. ಶಿಫ್ಟ್ ಲೆಕ್ಕಕ್ಕ ಹಿಡೀಲಿಲ್ಲಂದ್ರ ಧಾರವಾಡಕ್ಕ ಅಲ್ಲಿ ಒಂಬತ್ತು, ಇಲ್ಲಿ ಆರು. ಕನ್ನಡ ಅನ್ನಾಕ ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದು. ಹುಬ್ಬಳ್ಳಿ ಮಾತ್ರ ಉಲ್ಟಾ, ನುಡಿಯೊಳಗ ಒಂಬತ್ತು, ಅಲ್ಲಿ ಎಂಟು. ಹುಬ್ಬಳ್ಳಿಯವ್ರು ಸಿಟ್ಟಾಗಬ್ಯಾಡ್ರಿ, ಎರಡ ಒತ್ತಕ್ಷರ ಇಟ್ಕೊಂಡಿದ್ದು ನಿಮ್ಮೂರು.

ಆ ಎಫ್ ಐತಲ್ಲ, ಅದ ಒತ್ತು ಕೊಡೂ ಕೀ. ನಿಮ್ಮ ಕೀಬೋರ್ಡ್ ಮ್ಯಾಲೆ ಎಫ್ ಮತ್ತ ಜೆ ಸವರಿ ನೋಡ್ರಿ, ಸಣ್ಣ ಗೀಟು ಉಬ್ಬಿರ್ತೈತಿ, ಎಫ್ ಅಂದ್ರ ಎಡಗೈ ತೋರಬೆರಳು ಕೂಡೂ ಜಾಗ. ನಮ್ಮ ಭಾಷಾದಾಗ ಒತ್ತಕ್ಷರಕ್ಕ ಏನ್ ಬರ ಐತಿ, ಅಣ್ಣಿಗೇರಿ, ಲಕ್ಷ್ಮೇಶ್ವರ, ರಾಣೇಬೆನ್ನೂರು, ಬ್ಯಾಡಗಿ, ಎಲ್ಲಾದ್ರಾಗೂ ಒತ್ತು. ದಿನಕ್ಕ ಸಾವಿರ ಸಲ ಬೇಕಾಗೂ ಕೀ ಬೆರಳಿನ ಕೆಳಗ ಐತಿ, ನೋಡದ ಒತ್ತಬಹುದು. ಒಂದ ಎಚ್ಚರ, ಟೈಪ್‌ರೈಟರ್ ಕಲ್ತ ಹಿರ್ಯಾರು 'ಧರ್ಮ' ಬರಿಯೂಮುಂದ ಕಣ್ಣಿಗೆ ಕಂಡಂಗ ಮ ಹೊಡದು ಆಮ್ಯಾಲೆ ಅರ್ಕಾವತ್ತು ಹುಡಕ್ತಾರ. ಹಂಗಲ್ಲ, ಬಾಯಾಗ ಅಂದಂಗ ಹೊಡೀರಿ, ಧ, ರ, ಒತ್ತು, ಮ. ದಿನಾ 20 ನಿಮಿಷ ಕೈ ನೋಡದ ಹೊಡದ್ರ ನಮ್ಮ ಅಂಗಡಿ ಹುಡುಗ್ರಿಗೆ ಒಂದ ತಿಂಗಳದಾಗ ಕೂತೈತಿ. ಕನ್ನಡ ಇಂಗ್ಲಿಷ್ ಬದಲಿ ಮಾಡಾಕ ವಿಂಡೋಸ್‌ನ ಕೀಬೋರ್ಡ್ ಆದ್ರ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದ್ರ ಸಾಕು.

ತಿದ್ದೂದ್ರಾಗ ಹೋಗೂ ಟೈಮು ಯಾರೂ ಲೆಕ್ಕ ಹಿಡ್ಯಾಂಗಿಲ್ಲ. ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಪೇಸ್ ಹೊಡದ್ರ ಇಡೀ ಶಬ್ದ ಹೋಗ್ತೈತಿ, ಕಂಟ್ರೋಲ್ ಹಿಡಿದು ಬಾಣದ ಕೀ ಒತ್ತಿದ್ರ ಶಬ್ದದಿಂದ ಶಬ್ದಕ್ಕ ಜಿಗೀತೈತಿ, ಶಿಫ್ಟ್ ಸುದ್ದಾ ಕೂಡಿಸಿದ್ರ ಸೆಲೆಕ್ಟ್ ಆಗ್ತೈತಿ. ಮತ್ತ ಬರೇ ಬ್ಯಾಕ್‌ಸ್ಪೇಸ್ ಕನ್ನಡದಾಗ ಇಡೀ ಅಕ್ಷರ ಅಳ್ಸಂಗಿಲ್ಲ, 'ಳ್ಳಿ' ಮ್ಯಾಲೆ ಒಮ್ಮೆ ಹೊಡದ್ರ ಗುಡಿಸು ಅಷ್ಟ ಹೋಗಿ 'ಳ್ಳ' ಉಳೀತೈತಿ. ಇಕಾರ ತಪ್ಪಾಗಿದ್ರ ಅದನ್ನಷ್ಟ ತೆಗದು ಬ್ಯಾರೆ ಕೂಡಸ್ರಿ, ನಮ್ಮ ಹುಡುಗ್ರು ಪೂರಾ ಊರಿನ ಹೆಸರ ಅಳಿಸಿ ಮತ್ತ ಹೊಡೀತಿದ್ರು.

ಇನ್ನ ಅಸಲಿ ಮಾತಿಗೆ ಬರೂಣು, ಅಂದ್ರ ನಮೂನೆ. ಬಾಡಗಿ ಕರಾರು ತಗೋರಿ. 11 ತಿಂಗಳದ ಕರಾರು ನೂರು ಬಂದ್ರೂ ಬದಲಾಗೂದು ಹೆಸರು, ವಿಳಾಸ, ರೊಕ್ಕ, ತಾರೀಖು, ಇಷ್ಟ. ಮೊದ್ಲು ನಾ ಏನ್ ಮಾಡ್ತಿದ್ದೆ, ಹಳೇ ಗಿರಾಕಿ ಫೈಲ್ ತೆಗದು ಕಂಟ್ರೋಲ್ ಎಚ್ ಒತ್ತಿ ಹಳೇ ಹೆಸರಿನ ಜಾಗಾದಾಗ ಹೊಸಾ ಹೆಸರು, ರಿಪ್ಲೇಸ್ ಆಲ್. ಒಮ್ಮೆ ಹಳೇ ಹೆಸರು ರಾಮ, ಹೊಸಾ ಹೆಸರು ಭೀಮ. ಧಡಧಡ ಪ್ರಿಂಟ್ ತೆಗದು ಕೊಟ್ಟೆ. ಅವ್ರು ಓದಿ "ಏನ್ರೀ ಇದು ಗ್ಭೀಮ ಪಂಚಾಯತಿ?" ಅಂದ್ರು. ಗ್ರಾಮದಾಗೂ ರಾಮ ಅದಾನ ನೋಡ್ರಿ! ಕಂಪ್ಯೂಟರ್‌ಗೆ ಏನ್ ಗೊತ್ತು, ಗ ಒತ್ತು ರಾಮ ಅಂತ ಕಂಡ್ತು, ಬದಲಿ ಮಾಡ್ತು. ಸ್ಟಾಂಪ್ ಪೇಪರ್ ಹಾಳಾತು, ರೊಕ್ಕ ನಂದ ಹೋತು.

ಅವತ್ತಿಂದ ಖಾಲಿ ನಮೂನೆ ಒಂದ ಮಾಡಿ ಇಟ್ಟೇನಿ, ಹೆಸರಿನ ಜಾಗಾದಾಗ ಎಲ್ಲೂ ಬರದಂಥ ಗುರುತು, ಕಕಕ1, ಕಕಕ2 ಅಂತ. ಗಿರಾಕಿ ಬಂದಾಗ ಅದನ್ನ ಬದಲಿ ಮಾಡೂದು. ಆದ್ರ ಕನ್ನಡದಾಗ ಇಷ್ಟ ಸಾಲಂಗಿಲ್ರಿ, ವಿಭಕ್ತಿ ಕಾಡ್ತೈತಿ. ರಾಮಪ್ಪನಿಗೆ ಸರಿ, 'ಬಾಬುನಿಗೆ' ಅಂತಾರೇನು, ಬಾಬುವಿಗೆ ಆಗ್ಬೇಕು, ಹೆಸರು ಬದಲಾದ್ರ ಬಾಲಾನೂ ಬದಲಾಗ್ಬೇಕು. ಇದಕ್ಕ ಔಷಧ ಹಳೇ ಪತ್ರ ಬರಹಗಾರರ ಕಡೆ ಮೊದ್ಲಿಂದ್ಲೂ ಐತಿ. ಹೆಸರು ಮೊದಲ ಪ್ಯಾರಾದಾಗ ಒಮ್ಮೆ ಬರದು "ಇವರನ್ನು ಇನ್ನು ಮುಂದೆ ಮಾಲೀಕರು ಎಂದು ಕರೆಯಲಾಗುವುದು" ಅಂತ ಹಾಕಿ ಬಿಡ್ತಾರ. ಮುಂದ ಎಲ್ಲಾ ಮಾಲೀಕರಿಗೆ, ಮಾಲೀಕರಿಂದ, ಬಾಡಿಗೆದಾರರು ಅಂತ, ಆ ವಿಭಕ್ತಿ ಯಾವತ್ತೂ ಬದಲಾಗೂದ ಇಲ್ಲ. ಕಾಯ್ದೆ ಸಲುವಾಗಿ ಮಾಡ್ಯಾರ ಖರೇ, ಟೈಪಿಸ್ಟ್‌ಗೂ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ನೀವು ಸಾಲಿ ಮಾಸ್ತರ ಇದ್ರೂ ಸೊಸೈಟಿ ಸೆಕ್ರೆಟರಿ ಇದ್ರೂ ನಿಮ್ಮ ನೋಟೀಸು, ದಾಖಲೆ ಪತ್ರ ಹಿಂಗ ಮಾಡ್ಕೋರಿ, 'ಸದರಿ ವಿದ್ಯಾರ್ಥಿಗೆ', 'ಸದರಿ ಸದಸ್ಯರಿಗೆ'. ಹೆಸರು ಒಂದ ಕಡೆ.

ಸಣ್ಣ ತುಂಡುಗಳಿಗೆ ಆಟೋಕರೆಕ್ಟ್. ವರ್ಡ್‌ನ್ಯಾಗ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಅಲ್ಲಿ ಆಟೋಕರೆಕ್ಟ್ ಆಪ್ಷನ್ಸ್. ಎಡಕ್ಕ 'ಹುಧಾ', ಬಲಕ್ಕ 'ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ' ಅಂತ ಹಾಕಿ ಆ್ಯಡ್ ಒತ್ರಿ. ಮುಂದ ಹುಧಾ ಬರದು ಸ್ಪೇಸ್ ಕೊಟ್ರ ಪೂರಾ ಬರ್ತೈತಿ. ಗಿಡ್ಡ ಗುರುತು ಮಾತ್ರ ಖರೇ ಶಬ್ದ ಇರಬಾರ್ದು. ನಾ ಶಾಣ್ಯಾ ಆಗಾಕ ಹೋಗಿ 'ಅರ್ಜಿ' ಅಂತ ಇಟ್ಟಿದ್ದೆ, ಬಲಕ್ಕ 'ಅರ್ಜಿದಾರರ ಹೆಸರು ಮತ್ತು ಪೂರ್ಣ ವಿಳಾಸ', ಮರುದಿನ ಒಬ್ರ ಪತ್ರದಾಗ "ನನ್ನ ಅರ್ಜಿದಾರರ ಹೆಸರು ಮತ್ತು ಪೂರ್ಣ ವಿಳಾಸ ಪರಿಶೀಲಿಸಿ" ಅಂತ ಬಂದಿತ್ತು. ಪ್ಯಾರಾ ಉದ್ದ ಇದ್ರ ಅದನ್ನ ಸೆಲೆಕ್ಟ್ ಮಾಡಿ ಆಲ್ಟ್ ಹಿಡಿದು ಎಫ್3 ಒತ್ತಿ ಒಂದ ಹೆಸರು ಕೊಡ್ರಿ, ಬೇಕಾದಾಗ ಆ ಹೆಸರು ಬರದು ಎಫ್3. ವರ್ಡ್ ಮುಚ್ಚೂಮುಂದ ಬಿಲ್ಡಿಂಗ್ ಬ್ಲಾಕ್ಸ್ ಸೇವ್ ಮಾಡ್ಲೇನು ಅಂತ ಕೇಳ್ತೈತಿ, ಹ್ಞೂಂ ಅನ್ರಿ, ಬ್ಯಾಡ ಅಂದ್ರ ಹೋತು.

ಕಾಪಿ ಪೇಸ್ಟ್ ಎಲ್ಲಾರಿಗೂ ಗೊತ್ತು, ವಿಂಡೋಸ್ ಕೀ ಮತ್ತ ವಿ ಭಾಳ ಮಂದಿಗೆ ಗೊತ್ತಿಲ್ಲ. ಒಮ್ಮೆ ಒತ್ತಿ ಆನ್ ಮಾಡ್ರಿ, ಕಾಪಿ ಮಾಡಿದ ಹಿಂದಿನ 25 ತುಂಡಿನ ತನಕಾ ಸಾಲಾಗಿ ಬರ್ತಾವ, ಬೇಕಾದ್ದು ಆರಸ್ರಿ, 2018ರಿಂದ ಐತಿದು. ಪಿನ್ ಮಾಡಿದ್ದು ಬಿಟ್ಟು ಉಳಿದದ್ದು ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ್ರ ಹೋಗ್ತಾವ. ಅಂಗಡಿ ಕಂಪ್ಯೂಟರ್ ಇದ್ರ ಸಂಜಿತನಾ ಕಾಯಬ್ಯಾಡ್ರಿ, ಗಿರಾಕಿ ಎದ್ದ ಕೂಡ್ಲೇ ಕ್ಲಿಯರ್ ಮಾಡ್ರಿ, ಯಾರ್ಯಾರ್ದೋ ಬ್ಯಾಂಕ್ ಖಾತೆ ನಂಬರ್ ಅದ್ರಾಗ ಕೂತಿರ್ತಾವ.

ಬಾಯಿಲೆ ಹೇಳಿ ಬರಸೂದು? ಗೂಗಲ್ ಡಾಕ್ಸ್‌ನ್ಯಾಗ ಟೂಲ್ಸ್ ಒಳಗ ವಾಯ್ಸ್ ಟೈಪಿಂಗ್ ಐತಿ, ಕನ್ನಡ ಆರಿಸಿ ಮೈಕ್ ಒತ್ರಿ. ಉದ್ದ ಪತ್ರದ ಕಚ್ಚಾ ಕರಡಿಗೆ ಚೊಲೋ. ಆದ್ರ ನಮ್ಮ ಮಾತಿನ್ಯಾಗ "ಹೊಂಟೇನಿ", "ಬರಾಕತ್ತೇನಿ" ಅಂದ್ರ ಏನೇನೋ ಬರೀತೈತಿ, ಬೆಂಗಳೂರು ನ್ಯೂಸ್ ಓದೂವ್ರಂಗ ಬಾಯಿ ಬಿಗಿ ಹಿಡಿದು ಮಾತಾಡ್ಬೇಕು. ಅಂಗಡಿಯೊಳಗ ಹಿಂದ ಝೆರಾಕ್ಸ್ ಮಶೀನ್ ಗುರ್ ಅಂತಿರ್ತೈತಿ, ಹಂಗಾಗಿ ನಾ ಮನ್ಯಾಗ ಅಷ್ಟ ಬಳಸ್ತೇನಿ.

ಅಂಕಿಗಳ ಕಡೆ ಬಂದ್ರ ಮಾತ್ರ ನಾ ಈ ಯಾವ ಶಾರ್ಟ್‌ಕಟ್ಟೂ ಹಚ್ಚಂಗಿಲ್ಲ. ಸರ್ವೇ ನಂಬರ್, ಎಕರೆ, ಗುಂಟೆ, ಆಧಾರ್ ನಂಬರ್ ಒಂದೊಂದ ಕೈಲೆ ಹೊಡೀತೇನಿ, ಪ್ರಿಂಟ್ ಕೊಡೂ ಮೊದ್ಲು ಗಿರಾಕಿ ಕೈಯಾಗ ಉತಾರ (ಹೊಲದ ಪಹಣಿ) ಕೊಟ್ಟು ಜೋರಾಗಿ ಓದಸ್ತೇನಿ, ನಾ ಸ್ಕ್ರೀನ್ ನೋಡ್ತೇನಿ. ಹೋದ ವಾರ ಒಬ್ಬ ಕಾಕಾ ಓದಿದ್ರು, ನಾ 2 ಎಕರೆ 14 ಗುಂಟೆ ಅನ್ನೂದನ್ನ 2 ಎಕರೆ 41 ಗುಂಟೆ ಮಾಡಿದ್ದೆ. ಎಕರೆಗೆ 40 ಗುಂಟೆ, ನನಗ ಹೊಳೀಲಿಲ್ಲ, ಅವ್ರು ಕನ್ನಡಕ ತೆಗದು ನಕ್ಕರು. ಬಸ್ಸೂ ಸಿಕ್ತು ಅವ್ರಿಗೆ.